ಐದಕ್ಕೊಂದು ಕುಣಿಕೆ ಜಾಸ್ತಿ: ಕ್ರೋಶ ಕಡ್ಡಿಯಲ್ಲಿ ಹವಳ ಹೆಣೆದದ್ದು

ಮೊದಲ ಸಾಲಿಗೆ ಒಂದೂವರೆ ನಿಮಿಷ ಸಾಕಾಯಿತು. 20ನೇ ಸಾಲಿಗೆ ಪೂರ್ತಿ ಒಂದು ಗಂಟೆ ಹಿಡಿಯಿತು. ಎರಡೂ ನಾನು ಕ್ರೋಶದಲ್ಲಿ, ಅಂದರೆ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ, ಹೆಣೆದ ಒಂದೇ ತುಂಡಿನ ಸಾಲುಗಳು. ಅದೇ ಕಡ್ಡಿ, ಅದೇ ಕೈ. ತುಂಡಿನ ಅಗಲ ನೋಡಿದರೆ ಬರೀ ಅರ್ಧ ಗೇಣು. ಆದರೆ ಹೊರಗಿನ ಅಂಚಿನ ಉದ್ದಕ್ಕೂ ಟೇಪ್ ಹಿಡಿದು ಅಳೆದೆ: 3 ಮೀಟರ್ 80 ಸೆಂಟಿಮೀಟರ್. ಇನ್ನೆರಡು ಸಾಲು ಹಾಕಿದ್ದರೆ ಒಂದು ಸೀರೆಯಷ್ಟು ಉದ್ದ ಆಗುತ್ತಿತ್ತು. ಅಷ್ಟುದ್ದದ ಅಂಚು ಅಷ್ಟು ಸಣ್ಣ ತುಂಡಿನಲ್ಲಿ ಹಿಡಿಸಬೇಕಲ್ಲ, ಅದಕ್ಕೇ ಮಡಿಚಿ, ಸುರುಳಿಯಾಗಿ, ಎದ್ದು ನಿಂತಿದೆ. ಕುಂಕುಮ ಬಣ್ಣದ ದಾರದಲ್ಲಿ ಹೆಣೆದದ್ದರಿಂದ ನೋಡಿದವರೆಲ್ಲ ಮೊದಲು ಕೇಳುವುದು, ‘ಇದೇನು, ಕೋಳಿಜುಟ್ಟಿನ ಹೂವಾ?’

ನಾನು ಸೀರೆಗೆ ಕುಚ್ಚು ಹಾಕುವವಳು. ಮೈಸೂರಿನಲ್ಲಿ, ಮನೆಯಲ್ಲೇ ಕೂತು, 11 ವರ್ಷದಿಂದ ಇದೇ ಕೆಲಸ. ಕುಚ್ಚಿನಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಲೆಕ್ಕ. ಸೆರಗಿನ ಅಂಚಿಗೆ ಬೇಕಾದ್ದಕ್ಕಿಂತ ಕಡಿಮೆ ಕುಣಿಕೆ ಹಾಕಿದರೆ ಬಟ್ಟೆ ಎಳೆದುಕೊಳ್ಳುತ್ತದೆ. ಜಾಸ್ತಿ ಹಾಕಿದರೆ ಅಂಚು ಅಲೆ ಅಲೆಯಾಗಿ ಏಳುತ್ತದೆ. ಎರಡೂ ತಪ್ಪೇ, ಬಿಚ್ಚಿ ಮತ್ತೆ ಹಾಕಬೇಕು. ಹೀಗೆ ಅಲೆ ಎದ್ದ ಅಂಚುಗಳನ್ನು ನಾನು ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕವಿಲ್ಲ.

ಹೋದ ತಿಂಗಳು ಅಕ್ಕನ ಮಗಳು ಬಂದಿದ್ದಳು. ಬಿಎಸ್‌ಸಿಯಲ್ಲಿ ಗಣಿತ ಓದುತ್ತಿದ್ದಾಳೆ. ಫೋನಿನಲ್ಲಿ ಒಂದು ಫೋಟೊ ತೋರಿಸಿ, ‘ಚಿಕ್ಕಮ್ಮ, ಇದು ಕ್ರೋಶ ಅಲ್ವಾ? ನಮ್ಮ ಜ್ಯಾಮಿತಿ ಪಾಠದಲ್ಲಿ ಬಂತು’ ಅಂದಳು. ನೋಡಿದೆ. ಕ್ರೋಶವೇ. ಅದೂ ನಾನು ದಿನಾ ಹಾಕುವ ಸಿಂಗಲ್ ಕ್ರೋಶ, ಗಿಡ್ಡಗಿನ ಸಾದಾ ಕುಣಿಕೆ. ಅಂಚೆಲ್ಲ ಅಲೆ. ನಾನಾಗಿದ್ದರೆ ಬಿಚ್ಚುತ್ತಿದ್ದ ಕೆಲಸ. ಅದನ್ನು ಮಾಡಿದವರು ಲಾಟ್ವಿಯಾ ದೇಶದಲ್ಲಿ ಹುಟ್ಟಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದ ಡೈನಾ ತೈಮಿನಾ.

ಹುಡುಗಿ ಹೇಳಿದ್ದನ್ನು ನಾನು ನಮ್ಮ ಭಾಷೆಗೆ ಹೀಗೆ ಮಾಡಿಕೊಂಡೆ. ಗುಂಡಗಿನ ಟೇಬಲ್ ಕ್ಲಾತ್ ಹಾಕುವಾಗ ನಡುವಿನಲ್ಲಿ 6 ಕುಣಿಕೆಯಿಂದ ಶುರು ಮಾಡಿ ಸುತ್ತಿಗೆ ಆರಾರು ಸೇರಿಸುತ್ತೇವೆ: 6, 12, 18, 24. ಹೀಗೆ ಹೋದರೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಆರಕ್ಕಿಂತ ಕಡಿಮೆ ಸೇರಿಸಿದರೆ ಟೋಪಿ ಆಗುತ್ತದೆ, ಹಾಗೇ ಮುಚ್ಚಿಕೊಂಡು ಹೋದರೆ ಚೆಂಡು. ಆರಕ್ಕಿಂತ ಜಾಸ್ತಿ ಸೇರಿಸಿದರೆ? ಅದಕ್ಕೆ ನಮ್ಮಲ್ಲಿ ‘ಕೆಟ್ಟಿತು’ ಅಂತಾರೆ. ಸುತ್ತಿಗೆ ಇಷ್ಟು ಅಂತಲ್ಲದೆ, ಐದಕ್ಕೊಂದು ಅನ್ನುವ ಹಾಗೆ ಒಂದೇ ಪ್ರಮಾಣದಲ್ಲಿ ಸೇರಿಸುತ್ತಾ ಹೋದರೆ ಗಣಿತದಲ್ಲಿ ಅದಕ್ಕೆ ಹೆಸರಿದೆ, ಹೈಪರ್ಬೋಲಿಕ್ ಸಮತಲ. ಚೆಂಡಿಗೆ ಪೂರ್ತಿ ಉಲ್ಟಾ.

ಇಂಥ ಜ್ಯಾಮಿತಿ ಇರಬಹುದು ಅಂತ ರಷ್ಯಾದ ಲೊಬಚೆವ್‌ಸ್ಕಿ 1829ರಲ್ಲಿ, ಹಂಗರಿಯ ಬೊಯಾಯ್ 1832ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಹಿಡಿದು ನೋಡುವುದು ಮಾತ್ರ ಕಷ್ಟವಾಗಿತ್ತು. 1970ರ ದಶಕದಲ್ಲಿ ವಿಲಿಯಂ ಥರ್ಸ್ಟನ್ ಎಂಬ ಗಣಿತಜ್ಞ ಕಾಗದದ ಬಳೆಯಂಥ ಪಟ್ಟಿಗಳನ್ನು ಅಂಟಿಸಿ ಮಾದರಿ ಮಾಡುವುದನ್ನು ತೋರಿಸಿದ್ದರು. ಅಂಥ ಮಾದರಿಗಳು ಬೇಗ ಹರಿದು ಹೋಗುತ್ತಿದ್ದವು. 1997ರಲ್ಲಿ ತೈಮಿನಾ ಅದನ್ನು ನೋಡಿ, ದಾರದಲ್ಲಿ ಮಾಡಿದರೆ ಗಟ್ಟಿಯಾಗಿರುತ್ತದೆ ಅಂದುಕೊಂಡರು. ಮೊದಲು ನಿಟ್ಟಿಂಗ್‌ನಲ್ಲಿ, ಅಂದರೆ ಸ್ವೆಟರ್ ಹಾಕುವ ಎರಡು ಕಡ್ಡಿಯ ಹೆಣಿಗೆಯಲ್ಲಿ, ಮಾಡಿ ನೋಡಿದರು. ಸರಿಹೋಗಲಿಲ್ಲ. ಆಮೇಲೆ ಕ್ರೋಶಕ್ಕೆ ಬಂದರು.

ನಿಟ್ಟಿಂಗ್ ಯಾಕೆ ಸರಿಹೋಗಲಿಲ್ಲ ಅನ್ನುವುದು 20ನೇ ಸಾಲಿಗೆ ಬಂದಾಗ ನನ್ನ ಕೈಗೇ ಗೊತ್ತಾಯಿತು. ನಿಟ್ಟಿಂಗ್‌ನಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವಂತ ಇರಬೇಕು. ಒಂದು ಜಾರಿದರೆ ಕೆಳಗಿನವರೆಗೂ ಏಣಿಯ ಹಾಗೆ ಬಿಚ್ಚಿಕೊಂಡು ಹೋಗುತ್ತದೆ. ಏಳೆಂಟು ನೂರು ಕುಣಿಕೆಗಳನ್ನು ಯಾವ ಕಡ್ಡಿಯ ಮೇಲೆ ನಿಲ್ಲಿಸುವುದು? ಕ್ರೋಶದಲ್ಲಿ ಯಾವಾಗಲೂ ತೆರೆದಿರುವುದು ಒಂದೇ ಕುಣಿಕೆ. ಉಳಿದದ್ದೆಲ್ಲ ಆಗಲೇ ಮುಗಿದು, ಗಂಟಾಗಿ, ಭದ್ರವಾಗಿರುತ್ತದೆ. ಅಂಚು ಎಷ್ಟು ಉದ್ದವಾದರೂ ಕಡ್ಡಿಗೆ ಭಾರವಿಲ್ಲ.

ದಾರದ ಪಾಡು

ಮೊದಲ ಪ್ರಯತ್ನಕ್ಕೆ ಮನೆಯಲ್ಲಿದ್ದ ಸಿಲ್ಕ್ ದಾರವನ್ನೇ ತಗೊಂಡೆ. ಕುಚ್ಚಿಗೆ ಮಾಡುವ ಹಾಗೆ ಹಲವು ಎಳೆ ಸೇರಿಸಿ, ಕುಚ್ಚಿನ ಸಣ್ಣ ಕಡ್ಡಿಯಲ್ಲೇ ಹೆಣೆದೆ. ಹೊಳಪು ಚೆನ್ನಾಗಿತ್ತು. ಆದರೆ 9 ಸಾಲು ಆಗುವಷ್ಟರಲ್ಲಿ ಬಾಡಿದ ಕೊತ್ತಂಬರಿ ಸೊಪ್ಪಿನ ಹಾಗೆ ಬಿದ್ದುಕೊಂಡಿತು. ಅಲೆಗಳೇನೋ ಇದ್ದವು, ನಿಲ್ಲುವ ಶಕ್ತಿ ಇರಲಿಲ್ಲ. ಸಿಲ್ಕ್ ದಾರದ ಗುಣವೇ ಇಳಿಬೀಳುವುದು. ಕುಚ್ಚಿಗೆ ಅದು ಬೇಕು, ಇಲ್ಲಿಗೆ ಅದು ಆಗದು.

ಎರಡನೇ ಸಲ ಮಕ್ಕಳ ಸ್ವೆಟರ್‌ಗೆ ಬಳಸುವ ಮೆತ್ತನೆಯ ಉಲ್ಲನ್, 5 ಮಿಲಿಮೀಟರ್ ಕಡ್ಡಿ. ಕುಣಿಕೆಗಳು ಸಡಿಲವಾದವು, ಎಳೆದರೆ ಎಳೆದ ಕಡೆಗೆ ಬಂದವು. ಎಲ್ಲಿ ಅಲೆ ಏಳಬೇಕೋ ಅಲ್ಲಿ ದಾರ ಹಿಗ್ಗಿ ಚಪ್ಪಟೆಯಾಗುತ್ತಿತ್ತು.

ಮೂರನೆಯದು ಸರಿಹೋಯಿತು. ಅಷ್ಟೇನೂ ಮೆತ್ತಗಿಲ್ಲದ, ಚೆನ್ನಾಗಿ ಹುರಿ ಇರುವ ಸಾದಾ ಆಕ್ರಿಲಿಕ್ ದಾರ. ಅದಕ್ಕೆ ಸಾಮಾನ್ಯವಾಗಿ ಹಿಡಿಯುವ ಕಡ್ಡಿಗಿಂತ ಸಣ್ಣದು, 3.5 ಮಿಲಿಮೀಟರ್. ಬಿಗಿಯಾಗಿ ಹೆಣೆದೆ. ಬೆರಳು ನೋಯುವಷ್ಟು ಬಿಗಿ ಅಂತ ಹೇಳುತ್ತಿಲ್ಲ, ಆದರೆ ಕಡ್ಡಿ ಕುಣಿಕೆಯೊಳಗೆ ಸುಲಭವಾಗಿ ಜಾರಬಾರದು, ಸ್ವಲ್ಪ ತಳ್ಳಬೇಕು. ತೈಮಿನಾ ಕೂಡ ಹಿಗ್ಗದ ಸಿಂಥೆಟಿಕ್ ದಾರವನ್ನೇ ಹೇಳುತ್ತಾರೆ. ಕೆಲವರಿಗೆ ಆಕ್ರಿಲಿಕ್ ಅಂದರೆ ಮೂಗು ಮುರಿಯುವ ಅಭ್ಯಾಸ. ಶಾಲಿಗೆ ಬೇಕಾದರೆ ಬೇಡ ಅನ್ನಿ. ಇಲ್ಲಿ ದಾರ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲಬೇಕು, ಆ ಕೆಲಸಕ್ಕೆ ಇದೇ ಒಳ್ಳೆಯದು.

ದಾರ ಯಾವುದು ಅನ್ನುವುದರಲ್ಲೇ ಅರ್ಧ ಕೆಲಸ ಇದೆ ಅಂತ ನನಗೆ ಈಗ ಅನ್ನಿಸುತ್ತದೆ. ಮುಂಬೈಯಲ್ಲಿ ಹುಟ್ಟಿ ಬರೋಡಾದಲ್ಲಿ ಕಲಿತ ಮೃಣಾಲಿನಿ ಮುಖರ್ಜಿ (1949–2015) ಸೆಣಬಿನ ಹಗ್ಗಕ್ಕೆ ಬಣ್ಣ ಹಾಕಿ, ಕೈಯಲ್ಲೇ ಗಂಟು ಹಾಕುತ್ತಾ ಆಳೆತ್ತರದ ಶಿಲ್ಪಗಳನ್ನು ಮಾಡಿದರು. ಹತ್ತಿ ದಾರದಲ್ಲಿ ಆ ಮೈಕಟ್ಟು ಬರುತ್ತಿರಲಿಲ್ಲ. ಜಪಾನಿನ ತೋಷಿಕೊ ಹೊರಿಉಚಿ ಮ್ಯಾಕ್‌ಆಡಮ್ ನೈಲಾನ್‌ನಲ್ಲಿ ಕ್ರೋಶ ಮಾಡುತ್ತಾರೆ. ಹಕೋನೆಯ ಬಯಲು ಮ್ಯೂಸಿಯಂನಲ್ಲಿ ಅವರು ಹೆಣೆದ ಬಲೆಯ ಮೇಲೆ ಮಕ್ಕಳು ಹತ್ತಿ, ತೂಗಿ, ಕುಣಿದಾಡುತ್ತಾರೆ. ಹತ್ತಾರು ಮಕ್ಕಳ ಭಾರ ಹೊರುವ ಕ್ರೋಶ! ನಾವು ಕ್ರೋಶ ಅಂದರೆ ಟಿವಿ ಮೇಲೆ ಹಾಸುವ ಬಟ್ಟೆ ಅಂತ ನೋಡಿಕೊಂಡು ಬೆಳೆದವರು.

ಲೆಕ್ಕ ಮತ್ತು ಹೆಣಿಗೆ

20 ಚೈನ್ ಹಾಕಿ, ಅಂದರೆ ಸರಪಳಿಯ ಹಾಗೆ ಒಂದರೊಳಗೊಂದು ಕುಣಿಕೆ. ಇನ್ನೊಂದು ಚೈನ್ ಹಾಕಿ ತಿರುಗಿಸಿ. ಈಗ ಒಂದೊಂದು ಕುಣಿಕೆಗೆ ಒಂದೊಂದು ಸಿಂಗಲ್ ಕ್ರೋಶ ಹಾಕುತ್ತಾ ಹೋಗಿ. ಐದನೆಯ ಕುಣಿಕೆಗೆ ಒಂದರ ಬದಲು ಎರಡು. ಅಂದರೆ ಕೆಳಗಿನ ಸಾಲಿನ 5, ಮೇಲಿನ ಸಾಲಿನಲ್ಲಿ 6 ಆಗಬೇಕು. ಇಷ್ಟೇ ನಿಯಮ. ಸಾಲಿನ ಕೊನೆಗೆ ಐದು ತುಂಬದೆ ಎರಡೋ ಮೂರೋ ಉಳಿದರೆ ಎಣಿಕೆ ನಿಲ್ಲಿಸಬೇಡಿ, ಅದನ್ನೇ ಮುಂದಿನ ಸಾಲಿಗೆ ದಾಟಿಸಿ. ಪ್ರತಿ ಸಾಲಿನ ಕೊನೆಗೂ ಒಂದು ಚೈನ್ ಹಾಕಿ ತಿರುಗಿಸುವುದು ಮರೆಯಬೇಡಿ. ಆ ಚೈನ್ ಬಿಗಿಯಾದರೆ ಪಕ್ಕದ ಅಂಚು ಒಳಗೆ ಎಳೆದುಕೊಳ್ಳುತ್ತದೆ, ಅದೊಂದನ್ನು ಮಾತ್ರ ಸಡಿಲ ಬಿಡಿ.

ನನ್ನ ಡೈರಿಯಲ್ಲಿ ಬರೆದುಕೊಂಡ ಅಂದಾಜು ಲೆಕ್ಕ, ಹೆಣೆಯುವಾಗ ಒಂದೆರಡು ಕುಣಿಕೆ ಹೆಚ್ಚುಕಡಿಮೆ ಆಗಬಹುದು: 24, 29, 35, 41, 50, 60, 72, 86, 103, 124. ಇದು 10 ಸಾಲು. ಇಲ್ಲಿಯವರೆಗೆ ನೋಡಲು ಏನೂ ವಿಶೇಷವಿಲ್ಲ. ಸ್ವಲ್ಪ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು, ಅಂಚಿನಲ್ಲಿ ಒಂದೆರಡು ಅಲೆ. ಮಾಡುವವರು ಸಾಮಾನ್ಯವಾಗಿ ಇಲ್ಲೇ ಬೇಸರ ಮಾಡಿಕೊಳ್ಳುತ್ತಾರೆ ಅಂತ ಕಾಣುತ್ತದೆ. ದಯವಿಟ್ಟು ಬಿಡಬೇಡಿ. 11ರಿಂದ ಮುಂದೆ ಆಟವೇ ಬೇರೆ.

12ನೇ ಸಾಲು ಹಾಕುವಾಗ ಒಬ್ಬರು ಸೀರೆ ಕೊಡಲು ಬಂದರು. ಮಾತಾಡುತ್ತಾ ಹೆಣೆದೆ. 13ನೇ ಸಾಲು ಮುಗಿದು ಕೈಯಲ್ಲಿ ಹಿಡಿದಾಗ ಎಡಗಡೆ ಅಲೆಗಳು ಒತ್ತೊತ್ತಾಗಿ, ಬಲಗಡೆ ಸಡಿಲವಾಗಿ ಕಂಡವು. ಎಣಿಸಿದೆ. ಮಾತಿನ ನಡುವೆ ಐದಕ್ಕೊಂದು ಹೋಗಿ ನಾಲ್ಕಕ್ಕೊಂದು ಆಗಿತ್ತು. ಎರಡು ಸಾಲು, ಅಂದರೆ ಹತ್ತಿರ ಹತ್ತಿರ 400 ಕುಣಿಕೆ ಬಿಚ್ಚಿದೆ. ಅಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ ಅನ್ನುವುದೇ ನನಗೆ ಆಶ್ಚರ್ಯ. ಅಳತೆ ಪಟ್ಟಿಗಿಂತ ಮೊದಲು ಅಂಗೈಗೆ ಗೊತ್ತಾಗಿತ್ತು.

ಆಮೇಲೆ ಒಂದು ಉಪಾಯ ಮಾಡಿದೆ. ಎರಡು ಹಾಕಿದ ಪ್ರತಿ ಹತ್ತನೇ ಜಾಗಕ್ಕೆ ಒಂದು ಸೇಫ್ಟಿ ಪಿನ್ ಚುಚ್ಚುತ್ತಾ ಹೋಗುವುದು. ಯಾರಾದರೂ ಕರೆದರೆ ಎದ್ದು ಹೋಗಿ ಬಂದು ಪಿನ್‌ನಿಂದ ಎಣಿಸಿದರೆ ಸಾಕು. ಇನ್ನೊಂದು ಮಾತು: ಬಿಚ್ಚಿದ ದಾರ ಸುಕ್ಕಾಗಿರುತ್ತದೆ, ಅದನ್ನು ನೆಟ್ಟಗೆ ಮಾಡಲು ಇಸ್ತ್ರಿ ಪೆಟ್ಟಿಗೆ ತರಬೇಡಿ. ಆಕ್ರಿಲಿಕ್‌ಗೆ ಬಿಸಿ ಹಬೆ ತಗುಲಿದರೆ ಬಿಗಿ ಹೋಗಿ ಜೋತುಬೀಳುತ್ತದೆ, ಮತ್ತೆ ಏನು ಮಾಡಿದರೂ ಸರಿಯಾಗದು. ಒಂದು ರಾತ್ರಿ ಕುರ್ಚಿಯ ಬೆನ್ನಿಗೆ ಸುತ್ತಿ ಬಿಟ್ಟರೆ ಸಾಕು.

15ನೇ ಸಾಲಿಗೆ 308. 18ಕ್ಕೆ 532. ಅಷ್ಟರಲ್ಲಿ ತುಂಡು ಕೈಯಲ್ಲಿ ಚಪ್ಪಟೆಯಾಗಿ ಹಿಡಿಯಲು ಬರುವುದಿಲ್ಲ. ಹೂವಿನ ಎಸಳಿನ ನಡುವೆ ಬೆರಳು ತೂರಿಸುವ ಹಾಗೆ ಮಡಿಕೆಗಳ ಒಳಗೆ ಬೆರಳಿಟ್ಟು, ಅಂಚನ್ನು ಹೊರಗೆಳೆದು, ಒಂದೊಂದೇ ಕುಣಿಕೆ ಹುಡುಕಿ ಹಾಕಬೇಕು. ಅದಕ್ಕೇ ಕೊನೆಯ ಸಾಲಿಗೆ ಒಂದು ಗಂಟೆ. 50 ಗ್ರಾಂ ಉಂಡೆ 20ನೇ ಸಾಲಿನ ಶುರುವಿನಲ್ಲೇ ಮುಗಿಯಿತು. ಕುಂಕುಮ ಬಣ್ಣ ಮತ್ತೆ ಸಿಗಲಿಲ್ಲ, ಮನೆಯಲ್ಲಿದ್ದ ಅರಿಶಿನ ಬಣ್ಣದ ದಾರದಲ್ಲಿ ಮುಗಿಸಿದೆ. ಒಳ್ಳೆಯದೇ ಆಯಿತು. ಕುಂಕುಮದ ಮೇಲೆ ಅರಿಶಿನದ ಗೆರೆ ಓಡಿದ ಕಡೆಯೆಲ್ಲ ಅಂಚು ಎಲ್ಲಿ ಹೋಗಿ ಎಲ್ಲಿ ಬರುತ್ತದೆ ಅಂತ ಸ್ಪಷ್ಟವಾಗಿ ಕಾಣುತ್ತದೆ.

ಲೆಕ್ಕದ ಪ್ರಕಾರ ಕೊನೆಯ ಸಾಲಿನಲ್ಲಿ 767 ಇರಬೇಕು. ನನ್ನದರಲ್ಲಿ 761 ಇದೆ. ಒಟ್ಟು ತುಂಡಿನಲ್ಲಿ ಹತ್ತಿರ ಹತ್ತಿರ 4,500 ಕುಣಿಕೆ. ಇದರಲ್ಲಿ ಕೊನೆಯ 4 ಸಾಲುಗಳದ್ದೇ ಅರ್ಧಕ್ಕಿಂತ ಜಾಸ್ತಿ! ಇದನ್ನು ಕಾಗದದ ಮೇಲೆ ಓದಿದ್ದರೆ ನಾನು ತಲೆಯಾಡಿಸಿ ಸುಮ್ನೆ ಮುಂದೆ ಹೋಗುತ್ತಿದ್ದೆ. ಹೆಣೆದದ್ದರಿಂದ ಮರೆಯುವುದಿಲ್ಲ. ಸಾಲಿಗೆ ಐದರಲ್ಲೊಂದು ಪಾಲು ಜಾಸ್ತಿ ಅಂದರೆ ಅದು ಮೊದಮೊದಲು ಕಣ್ಣಿಗೇ ಬೀಳದಷ್ಟು ನಿಧಾನ, ಆಮೇಲೆ ಕೈಗೆ ಸಿಗದಷ್ಟು ಜೋರು.

ಹೋಲಿಸಿ ನೋಡಲು ಎರಡು ಸಣ್ಣ ತುಂಡು ಮಾಡಿದೆ. ಹತ್ತಕ್ಕೊಂದು ಸೇರಿಸಿದರೆ 10ನೇ ಸಾಲಿಗೆ ಬರೀ 52 ಕುಣಿಕೆ. ಕುದುರೆ ಜೀನಿನ ಹಾಗೆ ಒಂದು ಬಾಗು ಬರುತ್ತದೆ, ಅಷ್ಟೇ. ಎರಡಕ್ಕೊಂದು ಸೇರಿಸಿದರೆ ಅದೇ 10ನೇ ಸಾಲಿಗೆ 1,153. ನಾನು 7ನೇ ಸಾಲಿಗೇ, 342ರಲ್ಲಿ ನಿಲ್ಲಿಸಿದೆ. ಅದು ಆಗಲೇ ಹೂಕೋಸಿನ ಹಾಗೆ ಗಟ್ಟಿಯಾಗಿತ್ತು.

ಜರಿ ದಾರದ ಗೆರೆಗಳು

ಕುಂಕುಮದ ತುಂಡು ಮುಗಿದ ಭಾನುವಾರ ಅಕ್ಕನ ಮಗಳು ಮತ್ತೆ ಬಂದಳು. ಅವಳಿಗೆ ಬೇಕಾಗಿದ್ದದ್ದು ಗೆರೆಗಳು. ಇಂಥ ಮೈಮೇಲೆ ನೆಟ್ಟಗಿನ ಗೆರೆ ಎಳೆಯುವುದು ಹೇಗೆ? ಕಾಗದದಲ್ಲಿ ಮಾಡುವ ಹಾಗೇ, ಮಡಿಚಬೇಕು. ಸುಕ್ಕಿಲ್ಲದೆ ಎರಡು ಕಡೆಯೂ ಸಮವಾಗಿ ಮಡಿಸಿದರೆ ಆ ಮಡಿಕೆಯೇ ನೆಟ್ಟಗಿನ ಗೆರೆ. ಅವಳು ಮಡಿಚಿ ಹಿಡಿದಳು, ನಾನು ಮಡಿಕೆಯ ಮೇಲೆ ಜರಿ ದಾರದಲ್ಲಿ ಓಡು ಹೊಲಿಗೆ ಹಾಕಿದೆ. ಬಿಚ್ಚಿದಾಗ ಜರಿ ಗೆರೆ ಅಲೆಗಳ ಮೇಲೆ ಹತ್ತಿ ಇಳಿದು ಹೋಗುತ್ತಿತ್ತು. ಆದರೂ ಅದು ನೆಟ್ಟಗೇ.

ಆಮೇಲೆ ಆ ಗೆರೆಯಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಒಂದು ಹಸಿರು ಮಣಿ ಹೊಲಿದೆವು. ಮಣಿಯ ಮೂಲಕ ಹೋಗುವ, ಮೊದಲ ಗೆರೆಯನ್ನು ಎಲ್ಲೂ ಮುಟ್ಟದ ಗೆರೆ ಎಷ್ಟು ಎಳೆಯಬಹುದು? ನಾವು ಶಾಲೆಯಲ್ಲಿ ಕಲಿತದ್ದು ಒಂದೇ, ಸಮಾನಾಂತರ ರೇಖೆ. ಮಡಿಚಿದೆವು, ಹೊಲಿದೆವು. ಸ್ವಲ್ಪ ತಿರುಗಿಸಿ ಮತ್ತೆ ಮಡಿಚಿದೆವು. ಮತ್ತೊಂದು. ಮೂರೂ ಗೆರೆಗಳು ಮಣಿಯಲ್ಲಿ ಒಂದನ್ನೊಂದು ದಾಟಿ, ಮೊದಲ ಗೆರೆಯಿಂದ ದೂರ ದೂರ ಸರಿದು ಅಂಚಿನ ಕಡೆ ಹೊರಟುಹೋದವು. ಹುಡುಗಿ ಅದರ ಮೇಲೆ ಬೆರಳಾಡಿಸುತ್ತಾ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ‘ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿದ್ದೆ ಚಿಕ್ಕಮ್ಮ’ ಅಂದಳು ಆಮೇಲೆ.

ಒಂದು ತ್ರಿಕೋನವನ್ನೂ ಹಾಗೇ ಹೊಲಿದೆವು, ಬದಿ ಸುಮಾರು 5 ಸೆಂಟಿಮೀಟರ್. ಒಂದೊಂದು ಮೂಲೆಯನ್ನು ಮೇಜಿಗೆ ಒತ್ತಿ ಹಿಡಿದು ಕೋನಮಾಪಕ ಇಟ್ಟೆವು. ಪ್ರತಿ ಕೋನ 40 ಡಿಗ್ರಿಯ ಆಸುಪಾಸು. ಒಟ್ಟು 120. ತ್ರಿಕೋನದ ಕೋನಗಳು ಸೇರಿದರೆ 180 ಅಂತ ಕಲಿತವರಿಗೆ ಇದು ಒಂದು ಕ್ಷಣ ತಲೆ ತಿರುಗಿಸುತ್ತದೆ. ಚಪ್ಪಟೆ ನೆಲದ ಲೆಕ್ಕ ಅಲೆಯ ನೆಲಕ್ಕೆ ನಡೆಯುವುದಿಲ್ಲ.

ಸಮುದ್ರದ ಕಡೆಗೆ

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನನ್ನು ನಿಜವಾಗಿ ಹಿಡಿದದ್ದು ಇದರ ಮುಂದಿನ ಕಥೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹುಟ್ಟಿದ ಅವಳಿ ಅಕ್ಕತಂಗಿಯರು, ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್. ಒಬ್ಬರು ವಿಜ್ಞಾನದ ಬಗ್ಗೆ ಬರೆಯುವವರು, ಇನ್ನೊಬ್ಬರು ಕಲಾವಿದೆ, ಕವಿ. 2005ರಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ ಕೂತು ತೈಮಿನಾ ಅವರ ವಿಧಾನದಲ್ಲಿ ಹವಳದ ದಿಬ್ಬ ಹೆಣೆಯಲು ಶುರು ಮಾಡಿದರು. ಯಾಕೆ ಹವಳ ಅಂದರೆ, ಸಮುದ್ರದಲ್ಲಿ ಈ ಆಕಾರ ಎಲ್ಲ ಕಡೆ ಇದೆ. ನೀರಿನಿಂದ ಆಹಾರ ಸೋಸಿಕೊಂಡು ಬದುಕುವ ಜೀವಿಗೆ ಕಡಿಮೆ ಜಾಗದಲ್ಲಿ ಜಾಸ್ತಿ ಮೈ ಬೇಕು. ಅಲೆ ಅಲೆಯಾದ ಮೈ ಅದನ್ನೇ ಕೊಡುತ್ತದೆ. ಅರ್ಧ ಗೇಣಿನಲ್ಲಿ 3 ಮೀಟರ್ 80 ಸೆಂಟಿಮೀಟರ್ ಅಂಚು ಹಿಡಿಸಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅವರು ಮಾಡಿದ ಮುಖ್ಯ ಕೆಲಸ ನಿಯಮವನ್ನು ಸಡಿಲ ಬಿಟ್ಟದ್ದು. ಗಣಿತದ ಮಾದರಿಗೆ ಐದಕ್ಕೊಂದು ಅಂದರೆ ಕೊನೆವರೆಗೂ ಐದಕ್ಕೊಂದೇ. ಸಮುದ್ರದಲ್ಲಿ ಯಾವುದೂ ಅಷ್ಟು ಕರಾರುವಾಕ್ಕಾಗಿ ಬೆಳೆಯುವುದಿಲ್ಲ. ಅವರು ನಡುವೆ ಲೆಕ್ಕ ಬದಲಿಸಿದರು, ದಾರ ಬದಲಿಸಿದರು. ಆಗ ಥೇಟ್ ಜೀವ ಇರುವ ಹಾಗೆ ಕಾಣುವ ಆಕಾರಗಳು ಬಂದವು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಸಾವಿರಾರು ಜನ, ಹೆಚ್ಚಿನವರು ಹೆಂಗಸರು, ಸೇರಿಕೊಂಡು ತಮ್ಮ ತಮ್ಮ ಊರಿನ ದಿಬ್ಬಗಳನ್ನು ಹೆಣೆದರು. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ನೈಸರ್ಗಿಕ ಇತಿಹಾಸ ಮ್ಯೂಸಿಯಂನಲ್ಲಿ 2010ರಲ್ಲಿ, ಇಟಲಿಯ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2019ರಲ್ಲಿ ಅದನ್ನು ಇಟ್ಟಿದ್ದರು. ಹೆಣೆದವರ ಹೆಸರುಗಳನ್ನೂ ಹಾಕುತ್ತಾರೆ. ಇದು ನನಗೆ ದೊಡ್ಡ ವಿಷಯ. ನಾನು ಹಾಕಿದ ಕುಚ್ಚು ನೂರಾರು ಮದುವೆಗಳಲ್ಲಿ ಓಡಾಡಿದೆ, ಅದರ ಮೇಲೆ ಯಾವ ಹೆಸರೂ ಇಲ್ಲ. ನಮ್ಮ ಬೀದಿಯಲ್ಲೇ ಈ ಕೆಲಸ ಮಾಡುವವರು ನಾಲ್ಕು ಜನ ಇದ್ದೇವೆ.

ನಾನು ಮಾಡಿದ ಹವಳಗಳಲ್ಲಿ ಮೂರರ ಬಗ್ಗೆ ಮಾತ್ರ ಬರೆಯುತ್ತೇನೆ. ಉಳಿದವು ಇವುಗಳ ಅಣ್ಣತಮ್ಮಂದಿರೇ.

ಒಂದು ಉಂಡೆ ಹವಳ. ನಡುವಿನಲ್ಲಿ 6, ಆಮೇಲೆ ಪ್ರತಿ ಕುಣಿಕೆಗೂ ಎರಡೆರಡು: 12, 24, 48, 96, 192, 384. ಏಳೇ ಸುತ್ತು. ಅಂಚಿಗೆ ಹೋಗಲು ಜಾಗವೇ ಇಲ್ಲದೆ ತನ್ನ ಸುತ್ತ ತಾನೇ ಸುತ್ತಿಕೊಂಡು ಮೂಸಂಬಿ ಗಾತ್ರದ ಉಂಡೆ ಆಗುತ್ತದೆ. ಮೇಲೆಲ್ಲ ಮೆದುಳಿನ ಹಾಗೆ ಗೀರುಗಳು. ಮೆದುಳಿನ ಹವಳ ಅಂತಲೇ ಒಂದು ಜಾತಿ ಹವಳ ಇದೆ, ಅದರ ಫೋಟೊ ಪಕ್ಕದಲ್ಲಿಟ್ಟು ನೋಡಿದೆ. ಹೊಸಬರು ಇದರಿಂದಲೇ ಶುರು ಮಾಡಿ. ಸುಲಭ, ಒಂದು ಸಂಜೆಯಲ್ಲಿ ಮುಗಿಯುತ್ತದೆ, ಎಣಿಸುವ ಕಷ್ಟವಿಲ್ಲ.

ಇನ್ನೊಂದು ಎಲೆಯಂಥದ್ದು. 12 ಚೈನ್, ಮೊದಲ ನಾಲ್ಕು ಸಾಲು ಐದಕ್ಕೊಂದು, ಆಮೇಲೆ ಇದ್ದಕ್ಕಿದ್ದ ಹಾಗೆ ಎರಡಕ್ಕೊಂದು, ಮೂರು ಸಾಲು. ಬುಡ ಶಾಂತವಾಗಿ, ಅಂಚು ಮಾತ್ರ ಕುಣಿಯುತ್ತದೆ. ಲೆಕ್ಕ ಎಲ್ಲಿ ಬದಲಾಯಿತು ಅಂತ ಬೆರಳಿಟ್ಟು ತೋರಿಸಬಹುದು. ದೇವರಾಜ ಮಾರುಕಟ್ಟೆಯಿಂದ ತಂದ ಕೋಳಿಜುಟ್ಟಿನ ಹೂವನ್ನು ಕೈಯಲ್ಲಿ ಹಿಡಿದು ಬುಡದಿಂದ ಮೇಲಕ್ಕೆ ನೋಡಿದೆ, ಅದರಲ್ಲೂ ಹೀಗೇ ಇದೆ. ಕೆಳಗೆ ಚಪ್ಪಟೆ ದಂಟು, ಮೇಲೆ ಹೋದ ಹಾಗೆ ಅಂಚಿನ ಬೆಳವಣಿಗೆ ಜಾಸ್ತಿಯಾಗಿ ಮಡಿಕೆ ಮಡಿಕೆ. ಇಷ್ಟು ವರ್ಷ ಹಾರಕ್ಕೆ ಕಟ್ಟಿದ ಹೂವು.

ಮೂರನೆಯದು ಹಾಲಿನ ಪ್ಯಾಕೆಟ್ ಹವಳ. ವರ್ತೈಮ್ ಅಕ್ಕತಂಗಿಯರು ಪ್ಲಾಸ್ಟಿಕ್ ಚೀಲ, ಹಳೆಯ ವಿಡಿಯೊ ಟೇಪ್‌ಗಳಲ್ಲಿ ಒಂದು ವಿಷದ ದಿಬ್ಬವನ್ನೇ ಹೆಣೆದಿದ್ದಾರೆ, ಸಮುದ್ರಕ್ಕೆ ಸೇರುತ್ತಿರುವ ಪ್ಲಾಸ್ಟಿಕ್ ಅನ್ನು ಕಣ್ಣೆದುರು ಇಡಲು. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಅರ್ಧ ಲೀಟರ್ ಪ್ಯಾಕೆಟ್. ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿದೆ. ಮೇಲೆ ಕೆಳಗೆ ಅಂಟಿಸಿದ ಜಾಗ ಕತ್ತರಿಸಿ ಬಿಸಾಡಬೇಕು. ಮೊದಲ ಸಲ ಅದನ್ನು ಉಳಿಸಿಕೊಂಡಿದ್ದೆ, ಎಳೆದಾಗ ಅಲ್ಲೇ ಹರಿಯಿತು. ಉಳಿದ ಕೊಳವೆಯನ್ನು 2 ಸೆಂಟಿಮೀಟರ್ ಅಗಲದ ಬಳೆಗಳಾಗಿ ಅಡ್ಡಕ್ಕೆ ಕತ್ತರಿಸಿ, ರಬ್ಬರ್ ಬ್ಯಾಂಡ್ ಒಂದಕ್ಕೊಂದು ಸಿಕ್ಕಿಸುವ ಹಾಗೆ ಸಿಕ್ಕಿಸುತ್ತಾ ಹೋದರೆ ದಾರ ತಯಾರು. ಒಂದು ಪ್ಯಾಕೆಟ್‌ಗೆ ಒಂದು ಮೀಟರ್ ಸಿಗುತ್ತದೆ. 8 ಮಿಲಿಮೀಟರ್ ಕಡ್ಡಿಯಲ್ಲಿ 12 ಚೈನ್, ಎರಡಕ್ಕೊಂದು, ನಾಲ್ಕೇ ಸಾಲು. 10 ಪ್ಯಾಕೆಟ್ ಹಿಡಿಯಿತು. ಕೈಗೆ ಒರಟು, ಕಡ್ಡಿ ಕಿರುಗುಟ್ಟುತ್ತದೆ. ಆದರೆ ಇಷ್ಟು ಗಟ್ಟಿಯಾಗಿ ನಿಲ್ಲುವ ಹವಳ ನನ್ನಲ್ಲಿ ಬೇರೆ ಇಲ್ಲ. ನೀಲಿ ಅಕ್ಷರಗಳು ಚೂರು ಚೂರಾಗಿ ಮಡಿಕೆಗಳ ನಡುವೆ ಅಲ್ಲಲ್ಲಿ ಇಣುಕುತ್ತವೆ. ಸ್ವಲ್ಪ ಹಾಲಿನ ವಾಸನೆ ಇನ್ನೂ ಇದೆ.

ಎಲ್ಲವನ್ನೂ ಕೂರಿಸಲು ಅಮ್ಮನ ಹಳೆಯ ಬಿದಿರಿನ ಮೊರ ತಗೊಂಡೆ. ಅದರ ಮೇಲೆ ಮರಳಿನ ಬಣ್ಣದ ಹತ್ತಿ ಬಟ್ಟೆ ಹೊದಿಸಿ, ದಬ್ಬಣದಲ್ಲಿ ಗೋಣಿ ದಾರ ಪೋಣಿಸಿ ಒಂದೊಂದನ್ನೂ ಬಿದಿರಿನ ಹೆಣಿಗೆಗೇ ಹೊಲಿದೆ. ಅಂಟು ಬಳಸಲಿಲ್ಲ. ಅಂಟು ಹಾಕಿದರೆ ಬುಡ ಗಟ್ಟಿಯಾಗಿ ಮೇಲಿನ ಅಲೆಗಳೂ ಸೆಟೆದುಕೊಳ್ಳುತ್ತವೆ. ಮುಟ್ಟಿದರೆ ಅಲುಗಬೇಕು. ನಡುವಿನಲ್ಲಿ ದೊಡ್ಡವು, ಅಂಚಿಗೆ ಸಣ್ಣವು ಅಂತ ಮೊದಲು ಜೋಡಿಸಿದ್ದೆ. ರಂಗೋಲಿಯ ಹಾಗೆ ಕಂಡಿತು. ಬಿಚ್ಚಿ, ಒಂದು ಮೂಲೆಯಲ್ಲಿ ಒತ್ತೊತ್ತಾಗಿ, ಇನ್ನೊಂದು ಕಡೆ ಬಯಲಾಗಿ ಹೊಲಿದೆ. ಈಗ ಸರಿ ಇದೆ. 14 ತುಂಡು.

ನಮ್ಮ ಕರಾವಳಿಯಲ್ಲೂ ಹವಳ ಇದೆ, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ. ನಾನು ನೀರಿಗಿಳಿದು ನೋಡಿದವಳಲ್ಲ. ನನಗೆ ಗೊತ್ತಿದ್ದ ಹವಳ ಅಂದರೆ ಅಜ್ಜಿಯ ಕೊರಳಿನ ಕೆಂಪು ಸರ. ಅದು ಒಂದು ಪ್ರಾಣಿಯ ಎಲುಬಿನಂಥ ಗೂಡು ಅಂತ ಈ ಕೆಲಸ ಹಿಡಿದ ಮೇಲೆಯೇ ಓದಿದ್ದು. ದಿಬ್ಬದ ಹವಳಗಳ ಬಣ್ಣ ಅವುಗಳ ಮೈಯೊಳಗೆ ಬಾಡಿಗೆಗಿದ್ದು ಊಟ ಹಾಕುವ ಸಣ್ಣ ಪಾಚಿಯಿಂದ ಬರುತ್ತದೆ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಆಗ ಬಣ್ಣ ಹೋಗಿ ಒಳಗಿನ ಬಿಳಿ ಗೂಡು ಕಾಣುತ್ತದೆ. ನೀರು ಬೇಗ ತಣ್ಣಗಾಗದಿದ್ದರೆ ಹಸಿದು ಸಾಯುತ್ತದೆ. ವರ್ತೈಮ್ ಅಕ್ಕತಂಗಿಯರ ಊರಿನ ಕಡೆಯ ದೊಡ್ಡ ಹವಳದ ದಿಬ್ಬ, ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016ರಲ್ಲಿ, ಮತ್ತೆ 2017ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಅವರ ಹೆಣಿಗೆಯಲ್ಲಿ ಪೂರ್ತಿ ಬಿಳಿಯ ದಿಬ್ಬವೂ ಇದೆ.

ಮೊರದ ಬಯಲು ಮೂಲೆಯಲ್ಲಿ ಒಂದು ಅಂಗೈ ಅಗಲದ ಜಾಗ ಬಿಟ್ಟಿದ್ದೇನೆ. ಕುಂಕುಮದ ತುಂಡನ್ನು ಅಲ್ಲಿ ಹೊಲಿಯೋಣ ಅಂತಿದ್ದೆ. ಅಕ್ಕನ ಮಗಳು ಅದನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಕಾಲೇಜಿಗೆ ಒಯ್ದಳು, ಗೆಳತಿಯರಿಗೆ ಜರಿ ಗೆರೆ ತೋರಿಸಬೇಕಂತೆ. ಅದು ಅವಳ ಹತ್ತಿರವೇ ಇರಲಿ. ಆ ಜಾಗಕ್ಕೆ ನಿನ್ನೆ ಬಿಳಿ ದಾರದಲ್ಲಿ 20 ಚೈನ್ ಹಾಕಿದೆ. ಅದೇ 3.5 ಕಡ್ಡಿ, ಐದಕ್ಕೊಂದು. ಈಗ 9ನೇ ಸಾಲು ಮುಗಿದಿದೆ, 103 ಕುಣಿಕೆ.